ಚಿಪ್ಪವ್ವನ ಹೊಟ್ಟೆಕಿಚ್ಚು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಪಿಲಾ ನದಿ ಆಗಷ್ಟೇ ಹರಿಯಲು ಕಲಿತಿದ್ದಳು. ಅವಳ ನೀರಿನಲ್ಲಿ ಚಿಪ್ಪವ್ವ ಎಂಬ ಆಮೆ ಇದ್ದಳು. ನೀರು ತಣ್ಣಗಿದ್ದರೆ ಚಿಪ್ಪವ್ವನ ಮೈಯೂ ತಣ್ಣಗೆ. ತನ್ನದೇ ಬಿಸಿ ಅನ್ನುವುದು ಅವಳಿಗೆ ಇರಲಿಲ್ಲ.

ಒಂದು ದಿನ ಅವಳು ದಡದ ಮರಳಿನಲ್ಲಿ ಹತ್ತು ಮೊಟ್ಟೆ ಇಟ್ಟಳು. ಕೊಕ್ಕರೆಯ ಹಾಗೆ ತಾನೂ ಕಾವು ಕೂತಳು. ಬೆಳಗಿನಿಂದ ಕೂತಳು, ಮಧ್ಯಾಹ್ನದವರೆಗೂ ಕೂತಳು. ಅವಳ ನೆರಳಿನಲ್ಲಿ ಮೊಟ್ಟೆಗಳು ತಣ್ಣಗೇ ಇದ್ದವು.

"ಹೀಗೆ ಕೂತರೆ ಒಂದೂ ಉಳಿಯೋದಿಲ್ಲ ಕಣವ್ವ," ಎಂದ ಸೂರ್ಯ. "ಮರಳು ಮುಚ್ಚಿ ಹೋಗು. ಕಾವು ನಾನು ಕೊಡ್ತೀನಿ."

ಬೇರೆ ದಾರಿ ಇರಲಿಲ್ಲ. ಚಿಪ್ಪವ್ವ ಮರಳು ಮುಚ್ಚಿ ನೀರಿಗಿಳಿದಳು. ಕಣ್ಣು ಮಾತ್ರ ದಡದ ಮೇಲೇ ಇತ್ತು. ಸೂರ್ಯ ಮರಳನ್ನು ಸವರುತ್ತಿದ್ದ. ನೋಡಿದಷ್ಟೂ ಅವಳ ಹೊಟ್ಟೆ ಉರಿಯಿತು.

"ಹೆತ್ತವಳು ನಾನು, ಮಡಿಲು ಅವನದು," ಎಂದು ಗೊಣಗಿದಳು.

"ಮಕ್ಕಳು ಬದುಕಿದರೆ ಸಾಕಲ್ಲವಾ?" ಎಂದಳು ಕಪಿಲೆ.

"ಬದುಕಲಿ. ಆದರೆ ಅವನನ್ನು ಅವ್ವ ಅನ್ನೋದು ಬೇಡ."

ಅಂದೇ ಸಂಜೆ ಚಿಪ್ಪವ್ವ ಐದು ಮೊಟ್ಟೆಗಳನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಪೊದೆಯ ನೆರಳಿನಲ್ಲಿ ಹೂತಿಟ್ಟಳು. ಮರುದಿನದಿಂದ ಸೂರ್ಯ ಎಲೆಗಳ ಸಂದಿಯಲ್ಲಿ ನುಸುಳಿದಷ್ಟು ಬಿಸಿಲನ್ನು ಅಲ್ಲಿಗೂ ಕಳಿಸಿದ.

ಬಿಸಿಮರಳಿನಿಂದ ಮೊದಲು ಐದು ಮರಿಗಳು ಬಂದವು. ಐದೂ ಹೆಣ್ಣು. ಬಹಳ ದಿನ ಬಿಟ್ಟು ನೆರಳಿನವು ಬಂದವು. ಐದೂ ಗಂಡು. ಎಲ್ಲವೂ ನೇರ ನೀರಿಗೇ ಓಡಿಬಂದಾಗ ಚಿಪ್ಪವ್ವನಿಗೆ ಗೆದ್ದಷ್ಟು ಖುಷಿ.

ಮಾರನೆಯ ಬೆಳಗ್ಗೆ ನೋಡಿದರೆ ಹತ್ತೂ ಮರಿಗಳು ಬಂಡೆಯ ಮೇಲೆ ಸಾಲಾಗಿ ಕೂತು, ಸೂರ್ಯನ ಕಡೆ ಕತ್ತು ಚಾಚಿದ್ದವು.

ಅವಳಿಗೆ ತಡೆಯಲಾಗಲಿಲ್ಲ. ಒಂದೊಂದನ್ನೂ ನೀರಿಗೆ ನೂಕಬೇಕೆಂದು ಬಂಡೆ ಹತ್ತಿದಳು. ಹತ್ತುವಷ್ಟರಲ್ಲಿ ಬಿಸಿಲು ಚಿಪ್ಪಿನೊಳಗೆ ಇಳಿಯಿತು. ಮರಗಟ್ಟಿದ್ದ ಕಾಲುಗಳು ಸಡಿಲವಾದವು. ಎರಡು ದಿನದಿಂದ ಹೊಟ್ಟೆಯಲ್ಲಿ ಭಾರವಾಗಿ ಕೂತಿದ್ದ ಬಸವನಹುಳ ಕರಗತೊಡಗಿತು. ಅವಳು ನೂಕುವುದನ್ನು ಬಿಟ್ಟು ಅಲ್ಲೇ ಕೂತಳು.

"ಅವ್ವ, ಸ್ವಲ್ಪ ಸರಿ. ಬಿಸಿಲಿಗೆ ಅಡ್ಡ ಆಗ್ತಿದ್ದೀಯ," ಎಂದಳು ದೊಡ್ಡ ಮಗಳು.

"ನಾನ್ಯಾಕೆ ಸರೀಲಿ? ಅವನು ನಿಮಗೆ ಮಾತ್ರಾನಾ?" ಎಂದು ಚಿಪ್ಪವ್ವ ಮಗಳ ಬೆನ್ನ ಮೇಲೇ ಹತ್ತಿದಳು.

ಅದಕ್ಕೇ ಮಗೂ, ಇವತ್ತಿಗೂ ಆಮೆ ಮರಳಿನಲ್ಲಿ ಮೊಟ್ಟೆ ಮುಚ್ಚಿ, ಕಾವನ್ನು ಸೂರ್ಯನಿಗೇ ಬಿಟ್ಟು, ತಿರುಗಿ ನೋಡದೆ ಹೋಗಿಬಿಡುತ್ತದೆ. ಬಿಸಿಲೇರಿದಾಗ ಹೊಳೆಯ ಬಂಡೆಯ ಮೇಲೆ ಆಮೆಗಳು ಒಂದರ ಬೆನ್ನ ಮೇಲೊಂದು ಹತ್ತಿ, ಸೂರ್ಯ ತನಗೇ ಹೆಚ್ಚು ಸಿಗಲಿ ಎಂದು ಕತ್ತು ಚಾಚುತ್ತವೆ.