ಎರಡು ಹಾರ ಬಿದ್ದ ಕಾರು

"ಅಜ್ಜಾರೇ, ಶೋರೂಮಿಗೆ ಯಾವ ಸಾಫ್ಟ್‌ವೇರ್ ಹಾಕಿಸಲಿ?" ಎಂದು ನೀಲಗಂಗಾ ಕೇಳಿದಳು.

ಚಂಬಣ್ಣಜ್ಜ ಕೂತಿದ್ದದ್ದು ಇಮಾಮಸಾಬನ ಟಯರ್ ಅಂಗಡಿಯ ಮುಂದೆ, ಯಾವುದೋ ಹಳೆಯ ಕಾರಿನಿಂದ ಕಿತ್ತು ತಂದ ಸೀಟಿನ ಮೇಲೆ. ಅಕ್ಷರ ಕಲಿತವನಲ್ಲ. ಆದರೆ ಆ ಸೀಮೆಯಲ್ಲಿ ಕಾರು ಮಾರುವವರೆಲ್ಲ ಆ ಸೀಟಿನ ಮುಂದೆ ನಿಂತು ವ್ಯಾಪಾರ ಕಲಿತವರೇ. ಬಣ್ಣದ ಮಾತು ಹೆಂಡತಿಯ ಹತ್ತಿರ ಆಡಬೇಕು, ಮೈಲೇಜಿನ ಮಾತು ಗಂಡನ ಹತ್ತಿರ ಆಡಬೇಕು ಎಂದು ನೀಲಗಂಗಾಳಿಗೆ ಹೇಳಿಕೊಟ್ಟವನೂ ಅವನೇ. ಈಗ ಅವಳದೇ ಶೋರೂಮು ಇತ್ತು. ಆದರೆ ಕಳೆದ ಹಬ್ಬದಲ್ಲಿ ಯಾರ ಕಾರು ಯಾರಿಗೆ ಎಂದು ಗೊಂದಲವಾಗಿ, ದೂರು ಮೇಲಿನವರೆಗೆ ಹೋಗಿತ್ತು. ಈ ದಸರೆಯಲ್ಲೂ ಹಾಗೇ ಆದರೆ ಏಜೆನ್ಸಿ ಬೇರೆಯವರ ಪಾಲು ಎಂದು ಕಂಪನಿಯವರು ಹೇಳಿ ಹೋಗಿದ್ದರು. ಅದಕ್ಕೇ ಈ ಸಾಫ್ಟ್‌ವೇರು.

ನಿಜ ಹೇಳಬೇಕೆಂದರೆ ಅವಳು ಕೇಳಲು ಬಂದಿರಲಿಲ್ಲ. ಮನಸ್ಸು ಮಾಡಿಯೇ ಬಂದಿದ್ದಳು. ಅದನ್ನು ಮಾರುವ ಹುಡುಗ ಅವಳ ಕ್ಯಾಬಿನ್ನಿನಲ್ಲಿ ಕೂತು ಸಹಿಗೆ ಕಾಯುತ್ತಿದ್ದ. ಅಜ್ಜನ ಬಾಯಿಂದ ಒಂದು 'ಹೂಂ' ಬಿದ್ದರೆ ಸಾಕಿತ್ತು. ಹುಡುಗ ತೋರಿಸಿದ್ದನ್ನೆಲ್ಲ ಅವಳು ಕಣ್ಣರಳಿಸಿ ವರ್ಣಿಸಿದಳು. ಒಂದು ಗುಂಡಿ ಒತ್ತಿದರೆ ಬುಕಿಂಗ್, ಇನ್ನೊಂದು ಒತ್ತಿದರೆ ಬಿಲ್ಲು, ಮತ್ತೊಂದು ಒತ್ತಿದರೆ ಗಿರಾಕಿಯ ಫೋನಿಗೆ ಶುಭಾಶಯ. ಅವಳು ಹುಡುಗನನ್ನು ಕೇಳಿದ್ದು ಒಂದೇ. ಶೋರೂಮಿನ ಹೆಸರು ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆಯೇ ಎಂದು. ಬರುತ್ತದೆ ಎಂದಿದ್ದ.

ಅಜ್ಜ 'ಹೂಂ' ಅನ್ನಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿದ.

"ಈ ಸೀಮೆಗೆ ಮೊದಲ ಕಾರು ತಂದವನು ನಾನು" ಎಂದ.

ಆಗ ಹೊಳೆಗೆ ಸೇತುವೆ ಇರಲಿಲ್ಲವಂತೆ. ನಾಲ್ಕು ಹರಿಗೋಲು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾರು ಏರಿಸಿ, ತಾನು ಒಳಗೆ ಸ್ಟೇರಿಂಗ್ ಹಿಡಿದು ಕೂತು ದಾಟಿದನಂತೆ. ನಡುಹೊಳೆಯಲ್ಲಿ ಒಂದು ಮೊಸಳೆ ಅಡ್ಡ ಬಂತಂತೆ. ಹಾರ್ನ್ ಹೊಡೆದನಂತೆ. ಮೊಸಳೆ ಎಡಕ್ಕೆ ಸರಿದು ದಾರಿ ಬಿಟ್ಟಿತಂತೆ. ಈಗಿನ ಲಾರಿಯವರಿಗೂ ಆ ಬುದ್ಧಿ ಇಲ್ಲ ಎಂದು ಅಜ್ಜ ಮರುಗಿದ. ಅದನ್ನು ಕಂಡ ಅಂಬಿಗರೆಲ್ಲ ತೀರಿಹೋಗಿದ್ದರು. ಹರಿಗೋಲು ಕೊಳೆತುಹೋಗಿದ್ದವು. ಮೊಸಳೆಯನ್ನು ಹುಡುಕಿ ಕೇಳುವಂತಿರಲಿಲ್ಲ.

"ಮೊಸಳೆ ಇಂಡಿಕೇಟರ್ ಹಾಕಿತ್ತೋ ಇಲ್ಲವೋ ಅಜ್ಜಾ?" ಎಂದು ಇಮಾಮಸಾಬ ಒಳಗಿನಿಂದಲೇ ಚುಚ್ಚಿದ.

ಅಜ್ಜ ಆ ಕಡೆ ತಿರುಗಲಿಲ್ಲ. "ಅದೇ ವರ್ಷ ನಡೆದದ್ದು ಹೇಳುತ್ತೇನೆ ಕೇಳು, ತಂಗಿ. ನಾನು ಕಾರು ಇಳಿಸಿದೆನಲ್ಲ, ಆ ದಡದಲ್ಲೇ ಒಬ್ಬ ವ್ಯಾಪಾರಿ ಇದ್ದ" ಎಂದು ಶುರುಮಾಡಿದ.

ಆ ವ್ಯಾಪಾರಿ ಕಾರು ಮಾರುತ್ತಿದ್ದ. ಅವನ ಜಾಣತನವೆಲ್ಲ ಒಂದು ದಾರಿಯಲ್ಲಿತ್ತು. ಗಿರಾಕಿ ಬಂದು ಕಾರು ಓಡಿಸಿ ನೋಡಬೇಕು ಎಂದರೆ ಅವನು ಆ ದಾರಿಯಲ್ಲೇ ಕರೆದೊಯ್ಯುತ್ತಿದ್ದ. ಅದು ಎಣ್ಣೆ ಸವರಿದಂತೆ ನುಣುಪಾಗಿತ್ತು. ಅದರಲ್ಲಿ ಗುಡ್ಡದ ಏರು ಇರಲಿಲ್ಲ, ಹೊಂಡ ಇರಲಿಲ್ಲ, ಸಂತೆಯ ಜನ ಇರಲಿಲ್ಲ. ಗಿರಾಕಿ ಹೋಗುವಾಗ ಅನುಮಾನ ಹೊತ್ತು ಹೋಗುತ್ತಿದ್ದ, ಬರುವಾಗ ಬಣ್ಣ ಯಾವುದೆಂದು ಯೋಚಿಸುತ್ತ ಬರುತ್ತಿದ್ದ. ಕೊಂಡ ಮೇಲೆ ಯಾವನಾದರೂ ತಿರುಗಿ ಬಂದು, ಗುಡ್ಡ ಏರುವಾಗ ಕಾರು ನರಳುತ್ತದೆ ಎಂದರೆ ವ್ಯಾಪಾರಿ ಮುಗುಳ್ನಗುತ್ತಿದ್ದ. ಓಡಿಸಿ ತೋರಿಸಿದಾಗ ಚೆನ್ನಾಗಿಯೇ ಇತ್ತಲ್ಲ, ಸಾಹೇಬರೇ ಎನ್ನುತ್ತಿದ್ದ. ಬಂದವನು ಹೌದಲ್ಲ ಎಂದು ತಲೆ ಕೆರೆದುಕೊಂಡು ಮನೆಗೆ ಹೋಗುತ್ತಿದ್ದ.

ಇಲ್ಲಿಯವರೆಗೆ ಕೇಳಿ ನೀಲಗಂಗಾಳಿಗೆ ನಗು ಬಂತು. ಅವಳ ಶೋರೂಮಿನವರೂ ಗಿರಾಕಿಗಳನ್ನು ಬೈಪಾಸಿನಲ್ಲೇ ಕರೆದೊಯ್ಯುತ್ತಿದ್ದರು. ಹೊಂಡ ಬಿದ್ದ ರೈಲ್ವೆ ಕೆಳಸೇತುವೆಯ ಕಡೆ ತಿರುಗುತ್ತಿರಲಿಲ್ಲ. ಆ ದಾರಿ ಆರಿಸಿಕೊಟ್ಟವನು ಅಜ್ಜನೇ.

ಒಂದು ದಿನ ಆ ವ್ಯಾಪಾರಿಯ ಹತ್ತಿರ ಸಾಫ್ಟ್‌ವೇರ್ ಮಾರುವವನೊಬ್ಬ ಬಂದ. ತನ್ನದೇ ಯಂತ್ರ ತೆರೆದು, ತನ್ನದೇ ಬೆರಳಿನಿಂದ ಒತ್ತಿ ತೋರಿಸಿದ. ಪರದೆಯಲ್ಲಿ ಒಬ್ಬ ಗಿರಾಕಿ ಬಂದ. ಅವನಿಗೊಂದು ಬಿಳಿಯ ಕಾರು ಬೇಕಿತ್ತು. ಬಿಳಿಯ ಕಾರೊಂದು ಇತ್ತು. ಕೊಟ್ಟದ್ದಾಯಿತು. ಆ ಗಿರಾಕಿ ಚೌಕಾಸಿ ಮಾಡಲಿಲ್ಲ, ಬಣ್ಣ ಬದಲಿಸಲಿಲ್ಲ, ಮಾವನನ್ನು ಕೇಳಿ ಬರುತ್ತೇನೆ ಎನ್ನಲಿಲ್ಲ. ಅವನ ಹಿಂದೆ ಇನ್ನೊಬ್ಬ ನಿಂತಿರಲಿಲ್ಲ. ವ್ಯಾಪಾರಿ ಕುರ್ಚಿಗೆ ಒರಗಿ, ಅವನ ಗಿರಾಕಿಗಳು ಕಾರಿನ ಸೀಟಿಗೆ ಒರಗುವಂತೆಯೇ ಒರಗಿ, ಸುಖವಾಗಿ ನೋಡಿದ. ಪರದೆಯನ್ನು ನೀಲಿ ಬಣ್ಣಕ್ಕೆ ತಿರುಗಿಸಬಹುದೇ ಎಂದು ಕೇಳಿದ. ಬಹುದು ಎಂದ ಮಾರುವವನು. ವ್ಯಾಪಾರಿ ಕೊಂಡ.

ಆಯುಧ ಪೂಜೆ ಬಂತು. ಕಾರು ಬೇಕೆಂದವರಿಗೆಲ್ಲ ಆ ದಿನವೇ ಬೇಕು, ಅದೇ ಮುಹೂರ್ತಕ್ಕೇ ಬೇಕು. ಶೋರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಪು ಕಾರು ಒಂದೇ ಉಳಿದಿತ್ತು. ಈ ಮೇಜಿನವನೂ ಅದನ್ನೇ ಒತ್ತಿದ, ಆ ಮೇಜಿನವನೂ ಅದೇ ಗಳಿಗೆಯಲ್ಲಿ ಅದನ್ನೇ ಒತ್ತಿದ. ಯಂತ್ರ ಇಬ್ಬರಿಗೂ ಆಯಿತು ಎಂದಿತು. ಒಂದು ಕಾರಿಗೆ ಎರಡು ಕೀ ಬರುತ್ತವೆ. ಆ ಗದ್ದಲದಲ್ಲಿ ಇವನೊಂದು ತೆಗೆದುಕೊಂಡ, ಅವನೊಂದು ತೆಗೆದುಕೊಂಡ.

ಎಡಗಡೆಯಿಂದ ಒಂದು ಮನೆಯವರು ಹಾರ ಹಿಡಿದು ಬಂದರು. ಬಲಗಡೆಯಿಂದ ಇನ್ನೊಂದು ಮನೆಯವರು ಬಂದರು. ಎದುರಿಗಿರುವವರು ನೋಡಲು ಬಂದ ಜನ ಎಂದು ಇಬ್ಬರೂ ತಿಳಿದರು. ಮುಂದಿನ ಗಾಲಿಗಳ ಕೆಳಗೆ ಇವರು ನಿಂಬೆಹಣ್ಣು ಇಟ್ಟರು, ಹಿಂದಿನ ಗಾಲಿಗಳ ಕೆಳಗೆ ಅವರು ಇಟ್ಟರು. ಪೂಜಾರಿ ಅವಸರದಲ್ಲಿದ್ದ. ಎರಡೂ ಮನೆತನದ ಹೆಸರು ಹೇಳಿ ಒಂದೇ ಆರತಿ ಎತ್ತಿದ. ಆಮೇಲೆ ಇವರ ಯಜಮಾನ ಕೀ ಒತ್ತಿದ. ಬಾಗಿಲು ತೆರೆಯಿತು. ಅವರ ಯಜಮಾನನೂ ಒತ್ತಿದ. ಬಾಗಿಲು ಮುಚ್ಚಿತು. ಇವನು ಮತ್ತೆ ಒತ್ತಿದ, ಅವನೂ ಮತ್ತೆ ಒತ್ತಿದ. ಕಾರು ಕೋಳಿಮರಿಯಂತೆ ಕೂಗುತ್ತ ನಿಂತಿತು. ಆಗ ಇಬ್ಬರೂ ತಲೆ ಎತ್ತಿ ಒಬ್ಬರ ಕೈಯನ್ನೊಬ್ಬರು ನೋಡಿದರು.

ನೀಲಗಂಗಾಳ ಕೈಯಲ್ಲಿ ಇಮಾಮಸಾಬ ಕೊಟ್ಟ ಚಹಾ ಇತ್ತು. ಲೋಟ ವಾಲಿ ಚಹಾ ಸೆರಗಿನ ಮೇಲೆ ಸುರಿಯಿತು. ಅವಳಿಗೆ ಗೊತ್ತಾಗಲಿಲ್ಲ.

ಇವರ ಮನೆಯ ಮುದುಕಿ ಮುಂದಿನ ಸೀಟಿನಲ್ಲಿ ಹತ್ತಿ ಕೂತಳು. ಅವರ ಮನೆಯ ಮುದುಕಿ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಹಾರ ಬಿದ್ದ ಕಾರಿನಿಂದ ಬರಿಗೈಯಲ್ಲಿ ಇಳಿದರೆ ಮನೆಗೆ ಒಳ್ಳೆಯದಲ್ಲ ಎಂದು ಇಬ್ಬರೂ ಹಟ ಹಿಡಿದರು. ಇಬ್ಬರಿಗೂ ಬುತ್ತಿ ಕಿಟಕಿಯಿಂದಲೇ ಹೋಯಿತು. ಹೊರಗೆ ಗಂಡಸರ ಅಂಗಿ ಹರಿದವು. ಕಂಪನಿಯ ದೊಡ್ಡವರು ಬಂದು ಇಳಿದದ್ದು ಅದರ ನಡುವೆಯೇ. ವ್ಯಾಪಾರಿ ಸಾಫ್ಟ್‌ವೇರ್ ಮಾರಿದವನನ್ನು ಹುಡುಕಿಕೊಂಡು ಓಡಿದ. ಅವನ ರಟ್ಟೆ ಹಿಡಿದು, ಏನಯ್ಯಾ ಇದು ಎಂದು ಅಲ್ಲಾಡಿಸಿದ. ಅವನು ಮುಗುಳ್ನಕ್ಕ.

"ಓಡಿಸಿ ತೋರಿಸಿದಾಗ ಚೆನ್ನಾಗಿಯೇ ಇತ್ತಲ್ಲ, ಸಾಹೇಬರೇ."

ವ್ಯಾಪಾರಿ ಹಿಡಿದ ರಟ್ಟೆ ಬಿಟ್ಟ. ಆ ಮಾತನ್ನು ಅವನು ಜೀವಮಾನವೆಲ್ಲ ಆಡಿದ್ದ. ಕೇಳಿಸಿಕೊಂಡದ್ದು ಅದೇ ಮೊದಲು. ಏಜೆನ್ಸಿ ಹೋಯಿತು. ಶೋರೂಮಿನ ಬಾಗಿಲು ಬಿತ್ತು.

ಅಜ್ಜ ಇಷ್ಟು ಹೇಳಿ ಎಲೆ ಉಗುಳಲು ಪಕ್ಕಕ್ಕೆ ಬಾಗಿದ.

ನೀಲಗಂಗಾ ಖಾಲಿ ಲೋಟ ಕೆಳಗಿಟ್ಟಳು. ಅವಳ ಶೋರೂಮಿನಲ್ಲೂ ಹಬ್ಬಕ್ಕೆ ಎಲ್ಲರೂ ಒಂದೇ ಮುಹೂರ್ತ ಕೇಳಿದ್ದರು. ಅವಳಲ್ಲೂ ಬುಕಿಂಗಿಗೆ ಒಂದಕ್ಕಿಂತ ಹೆಚ್ಚು ಮೇಜುಗಳಿದ್ದವು. ಹುಡುಗ ತೋರಿಸಿದ್ದು ಒಬ್ಬನೇ ಗಿರಾಕಿಯನ್ನು. ಮುದುಕಿಯರಿಬ್ಬರೂ ತನ್ನ ಕಾರಿನಲ್ಲೇ ಕೂತಿರುವಂತೆ ಅವಳಿಗೆ ಕಂಡಿತು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ ಅವಳು ಕತೆಯ ಒಂದು ಎಳೆ ಹಿಡಿದಳು. ಇದು ಸುಳ್ಳಾಗಿಬಿಟ್ಟರೆ ಹೋಗಿ ಸಹಿ ಹಾಕಬಹುದಿತ್ತು.

"ಅಜ್ಜಾರೇ, ಹೊಳೆಗೆ ಸೇತುವೆ ಇಲ್ಲದ ವರ್ಷ ಅಂದಿರಿ. ಈ ಸೀಮೆಯ ಮೊದಲ ಕಾರು ನಿಮ್ಮದೇ ಅಂದಿರಿ. ಹಾಗಾದರೆ ಆ ವ್ಯಾಪಾರಿ ಯಾವ ಕಾರು ಮಾರುತ್ತಿದ್ದ? ಒತ್ತಿದರೆ ಬಾಗಿಲು ತೆರೆಯುವ ಕೀ ಆಗ ಎಲ್ಲಿತ್ತು? ಸಾಫ್ಟ್‌ವೇರ್ ಯಾವ ಹರಿಗೋಲಿನಲ್ಲಿ ಬಂತು?"

ಇಮಾಮಸಾಬ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕ. ಸಿಕ್ಕಿಬಿದ್ದೆಯಲ್ಲ ಅಜ್ಜಾ, ಮೊಸಳೆಯಾದರೂ ನಿನ್ನ ಪರ ಸಾಕ್ಷಿ ಹೇಳಲಿ ಎಂದ.

ಚಂಬಣ್ಣಜ್ಜ ಬಾಯಿ ಒರೆಸಿಕೊಂಡು ಹೆಗಲು ಕುಣಿಸಿದ.

"ನನ್ನ ಸುಳ್ಳಿಗೆ ಇಷ್ಟೆಲ್ಲ ಕೇಳಿದೆಯಲ್ಲ ತಂಗಿ, ಆ ಹುಡುಗನಿಗೆ ಏನು ಕೇಳಿದೆ?"