ಹೆಣ್ಣು ಕಡವೆ ಕೊಂಬು ಇಳಿಸಿದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗ ಹಿಡಿದು ಕೂತಿರಲಿಲ್ಲ. ಯಾವ ಕಡೆ ಬೀಸಬೇಕೆಂದು ಗಾಳಿ ಎದುರಿಗೆ ಸಿಕ್ಕವರನ್ನೆಲ್ಲ ಕೇಳಿಕೊಂಡು ತಿರುಗುತ್ತಿತ್ತು.

ಆಗ ಕಾಡಿನ ಕಡವೆಗಳಿಗೆಲ್ಲ ಕೊಂಬಿತ್ತು. ಗಂಡಿಗೂ ಇತ್ತು, ಹೆಣ್ಣಿಗೂ ಇತ್ತು. ಒಮ್ಮೆ ಮೂಡಿದ ಕೊಂಬು ಉದುರುತ್ತಿರಲಿಲ್ಲ.

ಕಡವೆಗಳಲ್ಲಿ ಒಂದು ಪದ್ಧತಿಯಿತ್ತು. ತಮ್ಮವರು ಯಾರಾದರೂ ತೀರಿಕೊಂಡರೆ ಉಳಿದವರು ಮರಕ್ಕೆ ಹಣೆಯೊತ್ತಿ ಅವರ ಹೆಸರು ಹೇಳಬೇಕು. ಹೇಳಿದರೆ ಕೊಂಬಿನಲ್ಲಿ ಹೊಸದೊಂದು ಕವಲು ಒಡೆಯುತ್ತಿತ್ತು. ಹೆಸರಿಗೊಂದು ಕವಲು.

ಮಾಳವ್ವ ಎಂಬ ಹೆಣ್ಣು ಕಡವೆಯ ತಲೆಯ ಮೇಲೆ ಒಣಮರ ನಿಂತ ಹಾಗಿತ್ತು. ತಾಯಿಗೊಂದು ಕವಲು. ಹೊಳೆ ಕೊಚ್ಚಿಕೊಂಡು ಹೋದ ತಂಗಿಗೊಂದು ಕವಲು. ಬೇರೆಯವರು ಸತ್ತವರ ಹೆಸರನ್ನಷ್ಟೇ ಹೇಳುತ್ತಿದ್ದರು. ಮಾಳವ್ವ ತನ್ನನ್ನು ಹಿಂಡಿನಿಂದ ಓಡಿಸಿದವರ ಹೆಸರನ್ನೂ ಹೇಳಿ ಕವಲು ಬೆಳೆಸಿಕೊಂಡಿದ್ದಳು. ಎಲ್ಲಕ್ಕಿಂತ ಎತ್ತರದ ಕವಲು ಅವಳ ಚೊಚ್ಚಲ ಮಗಳದು. ಚಳಿಗಾಲದ ಒಂದು ಬೆಳಗ್ಗೆ ಆ ಮರಿ ಎದ್ದಿರಲಿಲ್ಲ.

ಭಾರಕ್ಕೆ ಮಾಳವ್ವನ ಕತ್ತು ನೋಯುತ್ತಿತ್ತು. ಮಲಗಿದರೆ ಮತ್ತೆ ತಲೆಯೆತ್ತಲಾಗದೆಂದು ನಿಂತೇ ನಿದ್ದೆ ಮಾಡುತ್ತಿದ್ದಳು. ನಿದ್ದೆಯೂ ದಣಿವೇ, ಎಚ್ಚರವೂ ದಣಿವೇ. ಆದರೂ ಯಾರಾದರೂ ಅಯ್ಯೋ ಎಂದರೆ, "ಯಾರ ಹಂಗೂ ಇಲ್ಲದೆ ಬೆಳೆದೋಳು ನಾನು. ಇದೆಲ್ಲ ನಾನೇ ಸಂಪಾದಿಸಿದ್ದು," ಎನ್ನುತ್ತಿದ್ದಳು.

ಅವಳಿಗೆ ಇನ್ನೊಬ್ಬ ಮಗಳಿದ್ದಳು, ಚಿಕ್ಕಿ. ಇನ್ನೂ ಹಾಲು ಬಿಡದ ಮರಿ. ಆ ಬೇಸಿಗೆಯಲ್ಲಿ ಅವರು ನೀರು ಕುಡಿಯುತ್ತಿದ್ದ ಹೊಂಡ ಬತ್ತಿತು. ಮಾಳವ್ವನ ಹಾಲೂ ಬತ್ತತೊಡಗಿತು.

ತಳದಲ್ಲಿ ಉಳಿದಿದ್ದ ಬೊಗಸೆ ನೀರು ಹೇಳಿತು: "ಇನ್ನು ನಾನಿರಲಾರೆ ಮಾಳವ್ವ. ಬಿದಿರುಮೆಳೆಯ ಆಚೆ ನನ್ನಕ್ಕ ಇದ್ದಾಳೆ, ದೊಡ್ಡ ಮಡು. ಮಗೂನ ಕರಕೊಂಡು ಅವಳ ಹತ್ತಿರ ಹೋಗು."

ತಾಯಿಮಗಳು ಹೋದರು. ಒಂದು ಪಕ್ಕ ಪ್ರಪಾತ, ಇನ್ನೊಂದು ಪಕ್ಕ ಗೋಡೆಯಂಥ ಬಂಡೆ, ನಡುವೆ ಬಿದಿರು. ಬಿದಿರಿನೊಳಗೆ ಸಣ್ಣದೊಂದು ದಾರಿ. ಮಾಳವ್ವ ತಲೆ ತಗ್ಗಿಸಿ ನುಗ್ಗಿದಳು. ಕೊಂಬು ಸಿಕ್ಕಿಕೊಂಡಿತು. ಹಿಂದೆ ಬಂದಳು, ತಲೆ ವಾರೆ ಮಾಡಿ ನುಗ್ಗಿದಳು. ಮತ್ತೆ ಸಿಕ್ಕಿಕೊಂಡಿತು.

ಬಂಡೆಯ ಬುಡದಲ್ಲಿ ಕೂತಿದ್ದ ಮುಳ್ಳುಹಂದಿ ಕಿಸಕ್ಕೆಂದಿತು. "ತಲೆ ಮೇಲೊಂದು ಕಾಡು ಹೊತ್ಕೊಂಡು ಇನ್ನೊಂದು ಕಾಡಿನೊಳಗೆ ಹೊರಟ್ಯಲ್ಲಕ್ಕ! ಎರಡೂ ಒಂದೇ ದಾರೀಲಿ ಹಿಡೀತಾವಾ?"

"ನಿನ್ನ ಬೆನ್ನು ನೀನು ನೋಡ್ಕೊಳ್ಳೋ."

"ನೋಡ್ಕೊಂಡೇ ಹೇಳ್ತಿದೀನಿ. ನನ್ನ ಮುಳ್ಳೂ ಉದುರ್ತವೆ. ಆರಿಸಿಕೊಂಡು ಅಳ್ತಾ ಕೂತಿದೀನಾ?"

ಬಿದಿರು ಮೆಲ್ಲಗೆ ಹೇಳಿತು: "ಅವ್ವಾ, ಹೊತ್ತಿದ್ದನ್ನ ಇಳಿಸು. ನಾನು ಹಿಡ್ಕೊಳ್ತೀನಿ. ನೀನು ಎಳೆದುಕೋ."

"ಇಳಿಸಿದರೆ ಅವರನ್ನ ನೆನೆಯೋರು ಯಾರು?" ಎಂದಳು ಮಾಳವ್ವ. "ಇಷ್ಟೆಲ್ಲ ತಡಕೊಂಡು ಬಂದೋಳು ನಾನು ಅಂತ ಯಾರಿಗೆ ಗೊತ್ತಾಗುತ್ತೆ?"

ಅವಳು ಮಗಳ ಕಡೆ ತಿರುಗಿದಳು.

"ಚಿಕ್ಕಿ, ನೀನು ನುಸುಳಿ ಹೋಗು. ನೀರು ಕುಡಿದು ಬಾ," ಎಂದಳು ಮಾಳವ್ವ.

"ಒಬ್ಬಳೇ ಹೋಗಲ್ಲ. ಒಳಗೆ ಕತ್ತಲೆ." ಚಿಕ್ಕಿಗೆ ನಿಲ್ಲಲಾಗಲಿಲ್ಲ. ಒಣಗಿದ ಎಲೆಗಳ ಮೇಲೆ ಕಾಲು ಮಡಿಸಿ ಮಲಗಿಬಿಟ್ಟಳು. ಮಲಗಿದಲ್ಲಿಂದಲೇ ತಾಯಿಯ ಕೊಂಬನ್ನು ನೋಡುತ್ತ ಕೇಳಿದಳು: "ಅವ್ವಾ, ಇದರಲ್ಲಿ ನನ್ನ ಕವಲು ಯಾವುದು?"

"ನಿನಗಿಲ್ಲ ಮಗಳೇ. ಅದು ಹೋದವರಿಗೆ."

"ನಾನು ಹೋದ ಮೇಲೆ ನಂಗೂ ಒಂದು ಬರುತ್ತಾ? ಅಕ್ಕನ ಕವಲಿನಷ್ಟೇ ಎತ್ತರದ್ದು?"

ಮಾಳವ್ವ ಬಿದಿರಿನತ್ತ ತಿರುಗಿ, "ಹಿಡ್ಕೋ," ಎಂದಳು.

ಬಿದಿರು ಹಿಡಿಯಿತು. ಮಾಳವ್ವ ಕಾಲೂರಿ, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಲಟಕ್ಕೆಂದಿತು. ಒಂದು ಕೊಂಬು ಹೋಯಿತು. ಇನ್ನೊಂದರಲ್ಲಿ ಚೊಚ್ಚಲ ಮಗಳ ಕವಲಿತ್ತು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅದನ್ನೂ ಎಳೆದಳು.

ತಲೆ ಎಷ್ಟು ಹಗುರಾಯಿತೆಂದರೆ ಕತ್ತು ತಾನಾಗಿಯೇ ಮೇಲಕ್ಕೆದ್ದು, ಅವಳು ಮುಗ್ಗರಿಸಿದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಚಿಕ್ಕಿಯನ್ನು ಮೂತಿಯಿಂದ ನೂಕಿ ಎಬ್ಬಿಸಿ, ಮುಂದಿಟ್ಟುಕೊಂಡು ನಡೆದಳು.

ಆಚೆ ಮಡು ಇತ್ತು. ಚಿಕ್ಕಿ ಹೊಟ್ಟೆ ಬಿರಿಯುವಷ್ಟು ಕುಡಿದಳು. ಮಾಳವ್ವನೂ ಕುಡಿದಳು. ಕುಡಿದು, ಹೆದರುತ್ತ ಹೆದರುತ್ತ ಹೆಸರುಗಳನ್ನು ಒಂದೊಂದಾಗಿ ಕರೆದು ನೋಡಿದಳು. ಅಮ್ಮ ನೆನಪಿಗೆ ಬಂದಳು, ತಂಗಿ ಬಂದಳು, ಹಿರಿಮಗಳೂ ಬಂದಳು. ಓಡಿಸಿದವರಲ್ಲಿ ಒಂದಿಬ್ಬರ ಹೆಸರು ನೆನಪಾಗಲಿಲ್ಲ. ಅವಳು ಹುಡುಕಲೂ ಹೋಗಲಿಲ್ಲ. ನೆಲಕ್ಕೆ ತಲೆಯಿಟ್ಟು ಮಲಗಿದಳು.

ಸುದ್ದಿ ಕೇಳಿದ ಕಡವೆಗಳೆಲ್ಲ ಬಂದು ಬಿದಿರಿಗೆ ಕೊಂಬು ಕೊಟ್ಟವು. ಅಲ್ಲಿ ಬಿದ್ದ ಕೊಂಬು ಕಡಿದು ಕಡಿದು ಮುಳ್ಳುಹಂದಿಯ ಹಲ್ಲು ಚೂಪಾಯಿತು.

ಆದರೆ ಮಳೆ ಬಂದ ಮೇಲೆ ಗಂಡುಗಳಿಗೆ ನಾಚಿಕೆಯಾಯಿತು. "ಬೋಳುತಲೆ ನೋಡಿ ಯಾರು ಮರ್ಯಾದೆ ಕೊಡ್ತಾರೆ ತಾಯಿ? ನಮ್ಮ ಕೊಂಬು ನಮಗೆ ಕೊಡು," ಎಂದು ಭೂಮಿತಾಯಿಯ ಮುಂದೆ ಮಂಡಿಯೂರಿದವು.

"ತಗೊಳ್ಳಿ. ಆದರೆ ವರ್ಷಕ್ಕೊಂದು ಸಲ ಇಳಿಸಲೇಬೇಕು," ಎಂದಳು ಭೂಮಿತಾಯಿ. ಆಮೇಲೆ ಮಾಳವ್ವನನ್ನು ಕೇಳಿದಳು: "ನಿನಗೇನಮ್ಮ?"

"ಬೇಡ ತಾಯಿ," ಎಂದಳು ಮಾಳವ್ವ, ಮಲಗಿದಲ್ಲಿಂದ ಏಳದೆ. "ಹೊತ್ತು ಸಾಕಾಗಿದೆ."

ಹಾಗಾಗಿ ಮಗೂ, ಇವತ್ತಿಗೂ ಗಂಡು ಕಡವೆ ವರ್ಷ ವರ್ಷ ಕೊಂಬು ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತದೆ. ಹೆಣ್ಣು ಕಡವೆ ಮಾತ್ರ ಬರಿದಲೆಯಲ್ಲೇ ಮರಿಯ ಹಿಂದೆ ನೀರಿಗೆ ಹೋಗುತ್ತದೆ.