ಕಂಪನಿಯ ಪುಟಕ್ಕೆ ಹೋಗಿಬಂದ ಕೊಟ್ರ

ಇಂಟರ್‌ನೆಟ್ಟು ಟೆಲಿಫೋನ್ ತಂತಿಯಲ್ಲಿ ಕೀಂಯ್ ಕುಂಯ್ ಅಂತ ಕಿರುಚಿಕೊಂಡು ಬರುತ್ತಿದ್ದ ಕಾಲ. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದ ಹಾಗೆ ಸೈಬರ್ ಸೆಂಟರಿಗೆ ಹೋಗುತ್ತಿದ್ದ ಕಾಲ. ಒಂದು ಚಿತ್ರ ತಲೆಯಿಂದ ಕಾಲಿನತನಕ ಇಳಿದು ಬರುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಹೂಂ ಅನ್ನಿ, ಕತೆ ಹೊರಡಲಿ.

ಹರಪನಹಳ್ಳಿಯಲ್ಲಿ ಹಾಲಮ್ಮ ಅಂತ ಒಬ್ಬಳು, ಕುಬಸ ಹೊಲಿಯುವವಳು. ಅವಳಿಗೊಬ್ಬನೇ ಮಗ ಕೊಟ್ರ. ಆಳು ಆರಡಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ. "ನನ್ನ ಹಣೇಬರಹಕ್ಕ ಇಂಥವನೇ ಬೇಕಿತ್ತಾ!" ಅಂತ ಹಾಲಮ್ಮ ದಿನಕ್ಕೊಮ್ಮೆ ಹಣೆ ಬಡಿದುಕೊಳ್ಳುವಳು. ಆಮೇಲೆ ಅವನ ತಾಟಿಗೇ ಮೊದಲ ರೊಟ್ಟಿ ಹಾಕುವಳು.

ಒಂದು ದಿನ ಹೊಲಿಗೆ ಮಷಿನ್ನಿನ ಅಡಿದಾರ ಹಿಡಿಯುವ ಶಟಲ್ ಮುರಿಯಿತು. ಪಕ್ಕದ ಮನೆ ಗಂಗವ್ವನ ಮಗಳ ಮದುವೆಗೆ ಇನ್ನು ಒಂದೇ ತಿಂಗಳು. ಹದಿನಾಲ್ಕು ಕುಬಸ ಬಾಕಿ. ಮೂರು ತಲೆಮಾರಿನ ಮದುವಣಗಿತ್ತಿಯರು ಆ ಮಷಿನ್ನಿನ ಹೊಲಿಗೆಯನ್ನೇ ತೊಟ್ಟವರು. ಊರಿನ ಅಂಗಡಿಯವರು, "ಆ ಶಟಲ್ ನಮ್ಮಲ್ಲಿ ಬರಂಗಿಲ್ಲ, ಕಂಪನಿ ವೆಬ್‌ಸೈಟಿನಾಗ ಕೇಳ್ರಿ" ಅಂದರು.

"ಕೊಟ್ರ, ತಸ್ಲೀಮಳ ಸೈಬರಿಗೆ ಹೋಗು. ಕಂಪನಿಯೋರು ಏನಂತಾರೋ ಹಂಗೇ ಬರಕೊಂಡು ಬಾ."

"ಹೂಂ ಅವ್ವ, ಹಂಗೇ ಮಾಡ್ತೀನಿ."

ಹೋದ. ಬರೆದುಕೊಂಡು ಬಂದ. ಚೀಟಿಯಲ್ಲಿ ಇಷ್ಟೇ ಇತ್ತು: "ನಿಮ್ಮ ಬ್ರೌಸರ್ ಹಳೆಯದು. ಈ ಪುಟ ಸರಿಯಾಗಿ ಕಾಣುವುದಿಲ್ಲ."

"ಬ್ರೌಸರ್ ಅಂದ್ರ ಏನ್ಲೇ?"

"ಕಂಪ್ಯೂಟರಿನಾಗ ಪುಟ ತೋರಸೋದಂತ. ತಸ್ಲೀಮಕ್ಕ ಹೊಸದು ಹಾಕ್ಲೇನು ಅಂದ್ಲು. ನೀ ಹೇಳಿರಲಿಲ್ಲ, ಎದ್ದು ಬಂದೆ."

"ಅಯ್ಯೋ ಪೆದ್ದಪ್ಪಾ! ಹಳೇದೋ ಹೊಸದೋ ಅಂದ್ರ ಹೊಸದು ಅನ್ನಬೇಕು!"

"ಹೂಂ ಅವ್ವ, ಹಂಗೇ ಮಾಡ್ತೀನಿ."

ಮರುದಿನ ತಸ್ಲೀಮ ಹೊಸ ಬ್ರೌಸರ್ ಹಾಕಿದಳು. ಪುಟ ಕನ್ನಡಿಯಂತೆ ಬಂತು. ಅವಳು ಓದಿ ಕೇಳಿದಳು, "ಕೊಟ್ರಣ್ಣ, ನಿಮ್ಮ ಮಷಿನ್ ಹಳೇ ಮಾದರಿಯೋ, ಹೊಸದೋ?"

"ಹೊಸದು!"

ಹತ್ತು ದಿನಕ್ಕೆ ಶಟಲ್ ಬಂತು. ಫಳಫಳ ಹೊಳೆಯಿತು. ಒಳಗೆ ಕೂರಲಿಲ್ಲ.

"ಲೇ, ಇದು ನಿಮ್ಮಜ್ಜಿ ಕಾಲದ ಮಷಿನ್ನೋ! ಯಾರು ಏನು ಕೇಳಿದ್ರೂ ಹಳೇದು ಅನ್ನು!"

"ಹೂಂ ಅವ್ವ, ಹಂಗೇ ಮಾಡ್ತೀನಿ."

ಹೋದವನೇ ಹಟ ಹಿಡಿದ. "ಹಳೇ ಬ್ರೌಸರಿನಾಗೇ ತಗಿ!" ತಸ್ಲೀಮ ಬೇಡವೆಂದಳು, ಬೈದಳು, ಕೊನೆಗೆ ತೆಗೆದಳು. ಅಕ್ಷರದ ಮೇಲೆ ಅಕ್ಷರ ಬಿತ್ತು. ಒತ್ತುವ ಗುಂಡಿ ಚಿತ್ರದ ಅಡಿಗೆ ಹೋಯಿತು. ಒಂದು ಒತ್ತಿದರೆ ಇನ್ನೊಂದು ತೆರೆಯಿತು. ಮೂಲೆಯಲ್ಲೊಂದು ಸಾಲು ಮಾತ್ರ ಓದಲು ಬಂತು: "ದಾರಿ ತಪ್ಪಿದಿರಾ? ಮೊದಲಿನಿಂದ ಶುರು ಮಾಡಿ."

ಕೊಟ್ರ ಎದ್ದ. ಸೀದಾ ಮನೆಗೆ ಬಂದು ಹೊಸ್ತಿಲ ಮೇಲೆ ನಿಂತ.

"ಯಾಕ್ಲೇ ಬಂದಿ?"

"ಶುರು ಮಾಡಾಕ ಬಂದೆ. ಮುಂಜಾನೆ ಇಲ್ಲಿಂದಲೇ ಹೊರಟಿದ್ದೆ." ಅಂದವನೇ ಮತ್ತೆ ಹೊರಟ. ಸಂಜೆಯೊಳಗೆ ಮೂರು ಸಲ ಬಂದ, ಮೂರು ಸಲ ಹೋದ.

ಮದುವೆಗೆ ಹದಿನೈದೇ ದಿನ. ಗಂಗವ್ವ ಬಂದು, "ಹಾಲವ್ವ, ಬೇರೆ ಟೇಲರ್‌ಗೆ ಕೊಡ್ಲೇನು?" ಅಂತ ಮೆಲ್ಲಗೆ ಕೇಳಿದಳು. ಹಾಲಮ್ಮ ಅವಳ ಕೈ ಹಿಡಿದುಕೊಂಡಳು. "ಇನ್ನೊಂದಿಷ್ಟು ದಿನ ತಡಿಯವ್ವ" ಅಂದಳು.

"ಕೊಟ್ರ, ನನ್ನಪ್ಪ, ಕೇಳು. ದಾರಿ ತಪ್ಪಿದ್ರ ಎದ್ದು ಬರಬ್ಯಾಡ. ಮಷಿನ್ ಹೊಟ್ಟಿ ಕೆಳಗ ನಂಬರ್ ಐತಿ. ಅದನ್ನ ಕಂಪನಿಯೋರಿಗೆ ತೋರಸು. ಆಮ್ಯಾಲೆ ಅವರು ಏನಂತಾರೋ ಅಷ್ಟು ಮಾಡು."

"ಹೂಂ ಅವ್ವ, ಹಂಗೇ ಮಾಡ್ತೀನಿ."

ಮರುದಿನ ಹಾಲಮ್ಮ ನಲ್ಲಿಯಿಂದ ಕೊಡ ಹೊತ್ತು ಬಂದು ನೋಡಿದರೆ ಕಿಟಕಿಯ ಬುಡ ಬರಿದು! ಸ್ಟ್ಯಾಂಡ್ ಇದೆ, ಮಷಿನ್ ಇಲ್ಲ. ಕೊಡ ಅಲ್ಲೇ ಕುಕ್ಕಿ ಓಡಿದಳು.

ಸೈಬರಿನಲ್ಲಿ ಮಷಿನ್ನು ಕಂಪ್ಯೂಟರಿನ ಮುಂದೆ ಅಂಗಾತ ಮಲಗಿತ್ತು. ಕೊಟ್ರ ಅದರ ಹೊಟ್ಟೆಯನ್ನು ಪರದೆಗೆ ಹಿಡಿದು, "ನೋಡ್ರಿ ಸಾಹೇಬ್ರ, ಸರಿಯಾಗಿ ನೋಡ್ರಿ!" ಅನ್ನುತ್ತಿದ್ದ. ತಸ್ಲೀಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅವರು ನೋಡಿದ್ರೋ ಇಲ್ಲೋ, ನಾ ನೋಡಿದೆ ಹಾಲವ್ವ. ನಂಬರ್ ಹೊಡೆದು ಕಳಿಸೀನಿ. ಹತ್ತು ದಿನಕ್ಕ ಬರ್ತೈತಿ."

ಹಾಲಮ್ಮ ಉಸಿರು ಬಿಟ್ಟಳು. "ಕಂಪನಿಯೋರು ಏನಂದ್ರವ್ವ?"

"ಧನ್ಯವಾದಗಳು, ಮತ್ತೆ ಬನ್ನಿ ಅಂದಾರ."

ಕೊಟ್ರ ಅದನ್ನು ಕೇಳಿಸಿಕೊಂಡ. ಹೂಂ ಅಂದ. ಮಷಿನ್ ತಲೆಗೇರಿಸಿ ಮನೆಗೆ ತಂದ. ಹಾಲಮ್ಮ ಅವತ್ತು ಬೈಯಲಿಲ್ಲ. ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು.

ಹತ್ತನೆಯ ದಿನ ಹೊತ್ತು ಹುಟ್ಟುವ ಮೊದಲೇ ಹಾಲಮ್ಮ ಕೆರೆಗೆ ಬಟ್ಟೆ ಒಗೆಯಲು ಹೋದವಳು ಹೊತ್ತೇರಿದ ಮೇಲೆ ಬಂದಳು. ಅಂಚೆಯವನು ಬಾಗಿಲಲ್ಲೇ ಸಿಕ್ಕಿದ. ಪೊಟ್ಟಣ ಬಿಚ್ಚಿದಳು. ಅದೇ ಶಟಲ್! ಗಂಗವ್ವ ಓಡಿ ಬಂದಳು. ಓಣಿಯ ಹೆಂಗಸರೆಲ್ಲ ಬಂದರು. ಹಾಲಮ್ಮ ಶಟಲ್ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಮಷಿನ್ ಇಲ್ಲ!

"ಕೊಟ್ರಾ!"

ಗಂಗವ್ವ ಗಲ್ಲಕ್ಕೆ ಕೈಯಿಟ್ಟಳು. "ತಲಿ ಮ್ಯಾಲೆ ಹೊತ್ಕೊಂಡು ಹೊಂಟಿದ್ದ ಕಣವ್ವ. ಎಲ್ಲಿಗೋ ಅಂದೆ. ಕಂಪನಿಯೋರು ಅಷ್ಟು ಬಾಯಿ ತುಂಬ ಮತ್ತೆ ಬನ್ನಿ ಅಂದಾರ, ಹೋಗದಿದ್ರ ಬ್ಯಾಸರ ಮಾಡ್ಕೊತಾರ ಅಂದ."

ಹಾಲಮ್ಮ ಶಟಲ್ ಸೆರಗಿಗೆ ಗಂಟು ಹಾಕಿ, ಹದಿನಾಲ್ಕು ಕುಬಸದ ಬಟ್ಟೆ ಬಗಲಿಗೇರಿಸಿ, ಸೈಬರಿನ ದಾರಿ ಹಿಡಿದಳು. ಮದುಮಗಳ ಮೊದಲ ಕುಬಸ ಹೊಲಿದದ್ದು ಅಲ್ಲೇ, ಕಂಪ್ಯೂಟರಿನ ಮೇಜಿನ ಮೇಲೆ, ಮಷಿನ್ನಿನ ಚಕ್ರ ಕೈಯಿಂದ ತಿರುಗಿಸಿ. ಕೊಟ್ರ ಏಳಲೊಲ್ಲ. "ಬನ್ನಿ ಅಂದಾರವ್ವ, ಹೋಗ್ರಿ ಅಂತ ಇನ್ನೂ ಅಂದಿಲ್ಲ!"